ಕಾರ್ಟೂನಿಗೆ ಹಿಟ್ ಸಿನಿಮಾ ಹಾಡು ಹಾಕಿಕೊಳ್ಳಬಹುದಾ?

ಕಾಫಿ ತೋಟಕ್ಕೆ ನುಗ್ಗುವ ಆನೆಮರಿಯ ಎರಡು ನಿಮಿಷದ ಅನಿಮೇಷನ್‌ಗೆ ಹಳೇ ಸಿನಿಮಾ ಹಾಡೊಂದನ್ನು ಹಾಕಬಹುದೇ ಎಂದು ವಿರಾಜಪೇಟೆಯಿಂದ ಕೇಳಿದ್ದೀರಿ. ಅನುಮತಿ ಇಲ್ಲದೆ ಆಗುವುದಿಲ್ಲ. ‘ಮೂವತ್ತು ಸೆಕೆಂಡಿನ ಒಳಗಿದ್ದರೆ ಪರವಾಗಿಲ್ಲ’ ಅನ್ನುವುದು ಬರೀ ಗಾಳಿಮಾತು. ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಅಂಥ ವಿನಾಯಿತಿ ಇಲ್ಲ.

ಒಂದು ಹಾಡಿನ ಹಕ್ಕು ಎರಡು ಕಡೆ ಇರುತ್ತದೆ: ಸಾಹಿತ್ಯ-ಸಂಗೀತ ಒಂದು, ಧ್ವನಿಮುದ್ರಣ ಇನ್ನೊಂದು. 2001ರ ಅನಿಮೇಷನ್ ಚಿತ್ರ ‘ಶ್ರೆಕ್’ ನೋಡಿ. ಲಿಯೊನಾರ್ಡ್ ಕೊಹೆನ್ ಬರೆದ ‘ಹಲೆಲೂಯಾ’ ಚಿತ್ರದಲ್ಲಿ ಜಾನ್ ಕೇಲ್ ದನಿಯಲ್ಲಿದೆ, ಚಿತ್ರದ ಹಾಡುಗಳ ಆಲ್ಬಮ್‌ನಲ್ಲಿ ರೂಫಸ್ ವೇನ್‌ರೈಟ್ ದನಿಯಲ್ಲಿ. ಹಾಡು ಒಂದೇ, ಮುದ್ರಣ ಬೇರೆ ಬೇರೆ.

ಕೊಡಗಿನ ಕಥೆಗೆ ನಾನಾಗಿದ್ದರೆ ಪಂಜೆ ಮಂಗೇಶರಾಯರ ‘ಹುತ್ತರಿ ಹಾಡು’ ಎತ್ತಿಕೊಳ್ಳುತ್ತಿದ್ದೆ. ಅವರು ತೀರಿಕೊಂಡದ್ದು 1937ರಲ್ಲಿ. ಸಾಹಿತ್ಯದ ಹಕ್ಕು ಕವಿಯ ನಂತರ 60 ವರ್ಷ; ಅಂದರೆ 1997ರ ಆಚೆಗೆ ಅದು ಉಳಿದಿಲ್ಲ. ಹಾಗಂತ ಯೂಟ್ಯೂಬಿನಲ್ಲಿರುವ ಗಾಯನವನ್ನು ಇಳಿಸಿಕೊಳ್ಳಬೇಡಿ, ಅದರ ರಾಗಸಂಯೋಜನೆ, ಮುದ್ರಣ ಬೇರೆಯವರದ್ದು. ಸ್ವಂತ ರಾಗ ಹಾಕಿ, ಮನೆಯವರಿಂದಲೇ ಹಾಡಿಸಿ. ದುಡಿ ಬಾರಿಸುವವರು ಸಿಕ್ಕರಂತೂ ಇನ್ನೂ ಚೆಂದ.

ಸಿನಿಮಾ ಹಾಡೇ ಬೇಕೆಂದರೆ ಚಿತ್ರ ಬಿಡಿಸುವ ಮೊದಲೇ ಅನುಮತಿ ಪಡೆಯಿರಿ. ನಿಮಿಷಕ್ಕೆ 120 ಬೀಟ್ ಇರುವ ಹಾಡಿಗೆ, ಸೆಕೆಂಡಿಗೆ 24 ಫ್ರೇಮ್ (ಬಿಡಿಚಿತ್ರ) ಲೆಕ್ಕದಲ್ಲಿ, ಬೀಟಿಗೊಂದು ಹೆಜ್ಜೆ ಅಂದರೆ ಆನೆಮರಿಯ ಹೆಜ್ಜೆ 12 ಫ್ರೇಮಿಗೊಂದರಂತೆ ಬೀಳಬೇಕು. ಆಮೇಲೆ ಹಾಡು ಕೈತಪ್ಪಿದರೆ ಆ ಹೆಜ್ಜೆಗಳನ್ನೆಲ್ಲ ಮತ್ತೆ ಬಿಡಿಸುತ್ತಾ ಕೂರಬೇಕಾಗುತ್ತದೆ.