ಮೊಣಕಾಲಿನೊಳಗೆ ಎಲುಬು ಕಟ್ಟಿ ಹಿಡಿಯುವ ಎಸಿಎಲ್ ಲಿಗಮೆಂಟ್ ಹರಿದಿದೆ, ಆದರೆ ನೋವಿಲ್ಲ. ಜಾತ್ರೆಯ ಕಬಡ್ಡಿ ಆಡಿ ಆಮೇಲೆ ಆಪರೇಷನ್ ಮಾಡಿಸಬಹುದಾ?

ಬೇಡ ತಮ್ಮಾ. ಬಾವು ಇಳಿದಿದೆ, ನೋವಿಲ್ಲ, ದಿನಾ ಬೆಳಿಗ್ಗೆ ಓಡುತ್ತಿದ್ದೇನೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿಯೇ ನನಗೆ ಭಯವಾಯಿತು. ಏಕವಚನಕ್ಕೆ ಬೇಜಾರಾಗಬೇಡ. ನಾನು ಜಮಖಂಡಿ ಕಡೆಯವನು, ಇಪ್ಪತ್ತೆರಡರ ಹುಡುಗನಿಗೆ ನೀವು ತಾವು ಅನ್ನೋಕೆ ಬಾಯಿ ಬರಲ್ಲ.

ನಾನೂ ರೈಡರ್. ಕಾಲೇಜು ಟೀಮು, ಆಮೇಲೆ ಯೂನಿವರ್ಸಿಟಿ, ರೈಲ್ವೆ ಸ್ಪೋರ್ಟ್ಸ್ ಕೋಟಾದ ಆಸೆ, ಎಲ್ಲಾ ಇತ್ತು. ಒಂದು ಹೊನಲು ಬೆಳಕಿನ ಪಂದ್ಯ. ಮ್ಯಾಟ್ ಮೇಲೆ. ಕಾರ್ನರ್‌ನಲ್ಲಿದ್ದ ಹುಡುಗ ಆಂಕಲ್‌ಗೆ ಕೈ ಹಾಕಿದ, ನಾನು ಆ ಕಾಲು ಕಿತ್ತುಕೊಂಡು ಎಡಗಾಲು ಊರಿ ಮಿಡ್‌ಲೈನ್ ಕಡೆ ತಿರುಗಿದೆ. ಮಣ್ಣಿನಲ್ಲಾದರೆ ಕಾಲು ಸ್ವಲ್ಪ ಜಾರಿ ಉಳಿಸುತ್ತದೆ. ಮ್ಯಾಟ್ ಮೇಲೆ ಶೂ ಕಚ್ಚಿಕೊಂಡು ನಿಂತಿತು, ಮೈ ಮಾತ್ರ ತಿರುಗಿತು. ಟಪ್ ಅಂತ ಸದ್ದಾಯಿತು. ಆ ಹುಡುಗನಿಗೂ ಕೇಳಿಸಿತು ಅನಿಸುತ್ತದೆ, ಮತ್ತೆ ಹಿಡಿಯೋಕೆ ಬಂದವನು ಕೈ ಹಿಂದೆ ತೆಗೆದುಕೊಂಡ.

ರಾತ್ರಿಯೊಳಗೆ ಮೊಣಕಾಲು ಊದಿಕೊಂಡಿತು. ಎಕ್ಸ್‌ರೇ ತೆಗೆದರು, ಎಲುಬು ಸರಿ ಇದೆ ಅಂದರು. ಮನೆಯಲ್ಲಿ ಎಲ್ಲರಿಗೂ ಖುಷಿ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದೇ ಇಲ್ಲ ಅಂತ ನಮಗೆ ಯಾರು ಹೇಳಬೇಕು? ಪಟ್ಟಿ ಕಟ್ಟೋರ ಹತ್ತಿರ ಹೋದೆವು, ಮೊಟ್ಟೆ ಬಿಳಿ ಹಚ್ಚಿ ಬಿಗಿಯಾಗಿ ಕಟ್ಟಿದರು. ಕೆಲವು ವಾರಕ್ಕೆ ಬಾವು ಇಳಿಯಿತು. ಬಾವು ಹೇಗಿದ್ದರೂ ಇಳಿಯುತ್ತದೆ, ಕಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ನಾನು ಕೆಟ್ಟದ್ದು ಇದಾದ ಮೇಲೆ. ಕಾಲು ವಾಸಿಯಾಗಿದೆಯಾ ಅಂತ ನೋಡೋಕೆ ಬೆಳಿಗ್ಗೆ ಎದ್ದು ಮುಧೋಳ ರಸ್ತೆಯಲ್ಲಿ ಓಡಿದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬಿದ್ದು ಓಡಿದೆ, ಏನೂ ಆಗಲಿಲ್ಲ. ಮರುದಿನ ಜೋರಾಗಿ ಓಡಿದೆ, ಆಗಲೂ ಏನಿಲ್ಲ. ಸರಿ, ಲಿಗಮೆಂಟ್ ಕೂಡಿಕೊಂಡಿದೆ ಅಂತ ತೀರ್ಮಾನ ಮಾಡಿದೆ. ಪರೀಕ್ಷೆಯೇ ತಪ್ಪು, ಗೊತ್ತಾಯ್ತಾ? ತೊಡೆ ಎಲುಬಿನ ಕೆಳಗೆ ಮೊಣಕಾಲಿನ ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ತಿರುಚದಂತೆ ತಡೆಯೋದು ಎಸಿಎಲ್ ಕೆಲಸ. ನೇರ ರಸ್ತೆಯಲ್ಲಿ ನೇರ ಓಡಿದರೆ ಅದರ ಮೇಲೆ ಭಾರವೇ ಅಷ್ಟಾಗಿ ಬೀಳಲ್ಲ, ತೊಡೆಯ ಸ್ನಾಯು ಗಟ್ಟಿ ಇದ್ದವನು ಎಸಿಎಲ್ ಇಲ್ಲದೆಯೂ ಆರಾಮಾಗಿ ಓಡುತ್ತಾನೆ. ಒಮ್ಮೆಲೇ ನಿಂತು ದಿಕ್ಕು ಬದಲಿಸುವಾಗ, ಜಿಗಿದು ಒಂಟಿ ಕಾಲಲ್ಲಿ ಇಳಿಯುವಾಗ ಅದು ಬೇಕು. ಫುಟ್‌ಬಾಲ್, ರಗ್ಬಿ, ಕಬಡ್ಡಿ ಎಲ್ಲದರಲ್ಲೂ ಇದೇ ಕಥೆ, ಮತ್ತು ರೈಡ್ ಅಂದರೆ ಮೂವತ್ತು ಸೆಕೆಂಡ್ ಪೂರ್ತಿ ಅದೇ ಕೆಲಸ ಅಲ್ವಾ? ನಾನು ಪರೀಕ್ಷೆ ಮಾಡಿದ್ದು ನನ್ನ ಆಟದಲ್ಲಿ ಇಲ್ಲದೇ ಇರುವ ಒಂದು ಚಲನೆಯನ್ನು. ನೀನೂ ಈಗ ಅದನ್ನೇ ಮಾಡುತ್ತಿದ್ದೀಯ.

ಸೂಚನೆ ಸಿಕ್ಕಿರಲಿಲ್ಲ ಅಂತೇನಿಲ್ಲ. ಬೈಕಿನಿಂದ ಇಳಿಯುವಾಗ, ಬಾವಿ ಮೆಟ್ಟಿಲು ಇಳಿಯುವಾಗ ಮೊಣಕಾಲು ಪಟ್ಟನೆ ಜಾರಿದ ಹಾಗಾಗುತ್ತಿತ್ತು. ನಿನಗೂ ಹಾಗೆ ಆಗುತ್ತಿದ್ದರೆ ನಿನ್ನ ಎಂಆರ್‌ಐ ರಿಪೋರ್ಟಿಗಿಂತ ದೊಡ್ಡ ಸಾಕ್ಷಿ ಬೇಡ. ಕ್ಯಾಪ್ಟನ್ "ಏ, ಏನ್ ಆಗಂಗಿಲ್ಲ ಬಾರಲೇ, ಮೊಣಕಾಲಿಗೆ ಕ್ಯಾಪ್ ಹಾಕ್ಕೊಂಡ್ ಆಡು" ಅಂದ. ಆಡಿದೆ. ಬೋನಸ್ ಗೆರೆ ದಾಟಿ ವಾಪಸ್ ತಿರುಗಿದೆ, ಯಾರೂ ನನ್ನನ್ನು ಮುಟ್ಟಿರಲೂ ಇಲ್ಲ, ಮೊಣಕಾಲು ಮಡಚಿಕೊಂಡು ಬಿದ್ದೆ. ಈ ಸಲ ಕಾಲು ನೇರವೇ ಆಗಲಿಲ್ಲ. ಹರಿದ ಮೆನಿಸ್ಕಸ್ ಕೀಲಿನ ನಡುವೆ ಸಿಕ್ಕಿಕೊಂಡಿತ್ತು. ಎರಡು ಎಲುಬಿನ ನಡುವೆ ವಾಷರ್ ತರಹ ಇರೋದು ಅದು.

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಎಸಿಎಲ್ ಕೂಡಿಸಿದರು, ಅದು ಚೆನ್ನಾಗೇ ಕೂತಿದೆ. ಮೆನಿಸ್ಕಸ್ ಮಾತ್ರ ಹೊಲಿಗೆ ಹಾಕುವ ಸ್ಥಿತಿಯಲ್ಲಿರಲಿಲ್ಲ, ಬಹಳಷ್ಟು ಕತ್ತರಿಸಿ ತೆಗೆದರು. ನನ್ನ ಕಬಡ್ಡಿ ನಿಂತಿದ್ದು ಎಸಿಎಲ್‌ನಿಂದ ಅಲ್ಲ, ಇದರಿಂದ. ಒಂದು ದಿನ ಗಟ್ಟಿ ಪ್ರಾಕ್ಟೀಸ್ ಮಾಡಿದರೆ ಎರಡು ದಿನ ಕಾಲು ಊದುತ್ತಿತ್ತು. ಈಗ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ ಇದೆ. ಹುಡುಗರು ನೆಲದ ಮೇಲೆ ಕೂತು ಕಾಯಿಲ್ ಸುತ್ತುತ್ತಾರೆ, ನನಗೆ ಸ್ಟೂಲು.

ಆಡಿ ಆಮೇಲೆ ಆಪರೇಷನ್ನಾ, ಇಲ್ಲಾ ಕಬಡ್ಡಿಯೇ ಬಿಡಬೇಕಾ ಅಂತ ಕೇಳಿದ್ದೀಯ. ಈ ಎರಡೇ ದಾರಿ ಅಂತ ನಿನಗೆ ಹೇಳಿದ್ದು ಯಾರು? ಎಸಿಎಲ್ ಒಂದೇ ಹರಿದವರು ಎಷ್ಟೋ ಜನ ವಾಪಸ್ ಆಡಿದ್ದಾರೆ. ಆದರೆ ಆಪರೇಷನ್ ದಿನಾಂಕಕ್ಕಿಂತ ಅದರ ಹಿಂದೆ ಮುಂದೆ ಮಾಡುವ ಫಿಸಿಯೋ ಮುಖ್ಯ. ಮೊದಲು ಕಾಲು ಪೂರ್ತಿ ನೇರ ಆಗಬೇಕು, ತೊಡೆ ತುಂಬಿಕೊಳ್ಳಬೇಕು. ಆಪರೇಷನ್ ಆದ ಆರು ತಿಂಗಳಿಗೇ ಮ್ಯಾಟ್‌ಗೆ ಇಳಿಸುತ್ತೇವೆ ಅನ್ನುವವರ ಮಾತು ಕೇಳಬೇಡ. ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟಕ್ಕೆ ಮರಳೋದನ್ನು ಒಂದೊಂದು ತಿಂಗಳು ಮುಂದೆ ಹಾಕಿದಷ್ಟೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಮೊಣಕಾಲಿನ ಕ್ಯಾಪ್ ಅನ್ನೋದು ಸುಮ್ನೆ ಧೈರ್ಯಕ್ಕೆ, ತಿರುಚುವುದನ್ನು ಅದು ತಡೆಯಲ್ಲ.

ಇನ್ನೊಂದು ಮಾತು. ಜಾತ್ರೆಯಲ್ಲಿ ಗೆದ್ದರೆ ಕಪ್, ಒಂದಿಷ್ಟು ದುಡ್ಡು, ಭುಜದ ಮೇಲೆ ಹೊತ್ತು ಕುಣಿತ. ಸ್ಪೋರ್ಟ್ಸ್ ಕೋಟಾದ ಅರ್ಜಿಯಲ್ಲಿ ಆ ಕಪ್ ಲೆಕ್ಕಕ್ಕೇ ಬರಲ್ಲ.

ನಿನ್ನ ಎಂಆರ್‌ಐ ರಿಪೋರ್ಟಿನಲ್ಲಿ ಮೆನಿಸ್ಕಸ್ ಬಗ್ಗೆ ಒಂದು ಸಾಲು ಇರುತ್ತದೆ, ಎಲ್ಲರೂ ಎಸಿಎಲ್ ಸಾಲು ಓದಿ ಅದನ್ನು ಬಿಟ್ಟುಬಿಡುತ್ತಾರೆ. ಅದನ್ನು ಹಿಡಿದುಕೊಂಡು ಈ ವಾರವೇ ಮೂಳೆ ಡಾಕ್ಟರ್ ಹತ್ತಿರ ಹೋಗು, ಹೊಲಿಗೆ ಹಾಕಬಹುದಾ, ಎಷ್ಟು ದಿನ ಕಾಯಬಹುದು ಅಂತ ಬಾಯಿಬಿಟ್ಟು ಕೇಳು. ಕ್ಯಾಪ್ಟನ್‌ಗೆ ಇಲ್ಲ ಅನ್ನೋಕೆ ಮುಜುಗರ ಆದರೆ ಡಾಕ್ಟರ್ ಬೈದರು ಅಂತ ಹೇಳಿಬಿಡು.