ಮನೇಲಿ ಅಮ್ಮಮ್ಮ, ಊರಿಗೆಲ್ಲ ಅಕ್ಕೋರು

ಪ್ರಶ್ನೆ: ಅಕ್ಕಾ, ನಮ್ಮ ಅಮ್ಮಮ್ಮ ಹೋಗಿ ಬರೋ ಕಾರ್ತೀಕಕ್ಕೆ ಒಂದು ವರ್ಷ ಆಗ್ತದೆ. 1955ರಲ್ಲಿ ಕೆಲಸಕ್ಕೆ ಸೇರಿ ಕುಮಟಾ, ಅಂಕೋಲಾ ಕಡೆ ಹಳ್ಳಿ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದವರು. ವರ್ಷಾಂತಿಕಕ್ಕೆ ಬಂದವರಿಗೆಲ್ಲ ಕೊಡೋಕೆ ಒಂದು ಸಣ್ಣ ನೆನಪಿನ ಪುಸ್ತಕ ಮಾಡೋಣ ಅಂತ ಆಸೆ, ಬರೆಯೋ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಆದ್ರೆ ಕೂತ್ರೆ 'ಮಮತಾಮಯಿ, ಆದರ್ಶ ಶಿಕ್ಷಕಿ' ಇಷ್ಟೇ ಬರ್ತದೆ, ಓದಿದ್ರೆ ನಮ್ಮ ಅಮ್ಮಮ್ಮ ಅಂತ ಅನ್ಸೋದೇ ಇಲ್ಲ. ಇನ್ನೊಂದು, ಅವರು ತುಂಬಾ ಸ್ಟ್ರಿಕ್ಟು, ಮಗ್ಗಿ ತಪ್ಪಿದ್ದಕ್ಕೆ ನಂಗೂ ಹೊಡೆದಿದ್ರು. ದೊಡ್ಡ ಮಾವ ಅದನ್ನೆಲ್ಲ ಬರೀಬೇಡ ಅಂತಾರೆ. ಬರೀಲಾ, ಬಿಡ್ಲಾ?
ಓದುಗರೊಬ್ಬರು, ಕುಮಟಾ

ಉತ್ತರ: ಅಕ್ಕಾ ಅಂತ ಕರ್ದಿದ್ದೀ, ಹಾಗಾಗಿ ತಂಗೀ ಅಂತಾನೇ ಬರೀತೀನಿ. ನನ್ನ ಅಜ್ಜಿನೂ ಅಕ್ಕೋರೇ, ಗಂಗಾವಳಿ ಹೊಳೆ ದಂಡೆಯ ಊರುಗಳಲ್ಲಿ ಕಲಿಸಿದವರು, ನಿನ್ನ ಪತ್ರ ಓದ್ತಾ ಓದ್ತಾ ಅವರ ಕೊಡೆ, ಪಾಟಿ, ಸುಣ್ಣದ ಕಡ್ಡಿ ಹಿಡಿದ ಬೆರಳು ಎಲ್ಲ ಕಣ್ಣಿಗೆ ಬಂತು. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗ್ತದೆ, ಸಹಿಸ್ಕೋ.

ನಿನ್ನ ಹತ್ರ ಇರೋದು ಅರ್ಧ ಅಮ್ಮಮ್ಮ ಮಾತ್ರ ತಂಗೀ, ಬರಿಯೋಕೆ ಬರ್ತಾ ಇಲ್ಲ ಅಂದ್ರೆ ಕಾರಣ ಅದೇ. ಇನ್ನರ್ಧ ಅವರ ಶಾಲೆ ಮಕ್ಕಳ ಹತ್ರ ಇದೆ. 1955ರಲ್ಲಿ ಒಂದನೇ ಇಯತ್ತೆಗೆ ಬಂದ ಮಗುವಿಗೆ ಈಗ ಎಪ್ಪತ್ತೈದು ದಾಟಿದೆ, ಅವರೆಲ್ಲ ಇನ್ನೆಷ್ಟು ವರ್ಷ ಇರ್ತಾರೆ ಹೇಳು. ಬರೆಯೋದು ಆಮೇಲೆ ಆದ್ರೂ ಆಗ್ತದೆ, ಮೊದಲು ಫೋನಲ್ಲಿ ರೆಕಾರ್ಡರ್ ಆನ್ ಮಾಡ್ಕೊಂಡು ಅವರ ಮನೆಗಳಿಗೆ ಹೋಗು. ಹೋಗಿ 'ಅಕ್ಕೋರು ಹೇಗಿದ್ರು' ಅಂತ ಮಾತ್ರ ಕೇಳ್ಬೇಡ, 'ದೇವರಂಥವರು' ಅಂತಾರೆ, ಮಾತು ಅಲ್ಲೇ ಮುಗೀತದೆ. ನೀವು ಯಾವ ಸಾಲಲ್ಲಿ ಕೂರ್ತಿದ್ರಿ, ಗಂಟೆ ಯಾರು ಹೊಡೀತಿದ್ರು, ಮಳೆಗಾಲದಲ್ಲಿ ಸೋರಿದ್ರೆ ಎಲ್ಲಿ ಸರೀತಿದ್ರಿ, ಪಾಟಿಚೀಲದಲ್ಲಿ ಏನಿರ್ತಿತ್ತು, ಹೀಗೆ ಕೇಳು.

ನಾನು ಹಾಗೆ ಹೋದಾಗ ಮೀನು ಮಾರ್ತಿದ್ದ ಒಬ್ಬ ಅಜ್ಜಿ ಸಿಕ್ಕಿದ್ರು, ಅವರು ನನ್ನ ಅಜ್ಜಿ ಹತ್ರ ಶಾಲೆ ಕಲಿತವರೇ ಅಲ್ಲ, ಆದ್ರೂ 'ನಂಗೂ ಅವರೇ ಅಕ್ಕೋರು' ಅಂದ್ರು. ಎಂತ ಅಂತ ಕೇಳಿದೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತಲ್ಲ, ಅಲ್ಲಿವರೆಗೆ ರೂಪಾಯಿಗೆ ಹದಿನಾರಾಣೆ, ಅವತ್ತಿಂದ ನೂರು ಪೈಸೆ. ಪೇಟೆಯಲ್ಲಿ ಹಳೇದೂ ಹೊಸದೂ ಎರಡೂ ನಾಣ್ಯ ಓಡಾಡ್ತಿದ್ವು, ಬುಟ್ಟಿ ಹೊತ್ತು ಹೋದ ಹೆಂಗಸರು ದಿನಾ ಮೋಸ ಹೋಗಿ ಬರೋರು. ಆಗ ಅಜ್ಜಿ ಶಾಲೆ ಬಿಟ್ಟ ಮೇಲೆ ಅವರನ್ನೆಲ್ಲ ಶಾಲೆ ಜಗಲಿ ಮೇಲೆ ಕೂರಿಸ್ಕೊಂಡು ನೂರು ಬೆಳಚಿನ ಚಿಪ್ಪು ಎಣಿಸಿ ಮಧ್ಯ ಸುರಿದ್ರಂತೆ. ಇದು ಒಂದು ರೂಪಾಯಿ, ಹದಿನಾರು ಗುಂಪು ಮಾಡಿ ಅಂದ್ರಂತೆ. ಗುಂಪಿಗೆ ಆರಾರು ಇಟ್ಟಾಗ ತೊಂಬತ್ತಾರು ಆಯ್ತು, ನಾಲ್ಕು ಚಿಪ್ಪು ಉಳೀತು. 'ಈ ನಾಲ್ಕೂ ನಿಮ್ಮದೇ, ನಾಲ್ಕು ನಾಲ್ಕು ಆಣೆಗೆ ಒಂದೊಂದು ಸೇರಿಸಿ, ಅದಕ್ಕೇ ನಾಲ್ಕಾಣೆ ಅಂದ್ರೆ ಇಪ್ಪತ್ತನಾಲ್ಕಲ್ಲ, ಇಪ್ಪತ್ತೈದು' ಅಂತ ಹೇಳಿದ್ರಂತೆ. ಆ ಅಜ್ಜಿ ಈಗಲೂ ಕಣ್ಣು ಮುಚ್ಚಿ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಅಂತ ಒಂದೇ ಉಸಿರಿಗೆ ಹೇಳ್ತಾರೆ. 'ಮಿಕ್ಕಿದ ಚಿಪ್ಪು ಬಿಟ್ಕೊಡಬೇಡಿ ಹೇಳಿದ್ರು ಅಕ್ಕೋರು, ನಾನು ಬಿಡ್ಲಿಲ್ಲ' ಅಂದಾಗ ನಂಗೆ ಅಲ್ಲೇ ಅಳು ಬಂತು. ನಮ್ಮ ಮನೇಲಿ ಒಬ್ಬರಿಗೂ ಇದು ಗೊತ್ತಿರ್ಲಿಲ್ಲ, ಅಜ್ಜಿ ಒಂದು ದಿನಾನೂ ಹೇಳಿರ್ಲಿಲ್ಲ.

ನಿನ್ನ ಅಮ್ಮಮ್ಮಂದೂ ಇಂಥದ್ದು ಇದ್ದೇ ಇರ್ತದೆ, ಹುಡುಕು. ಕಾಲದ ವಿಷಯಾನೂ ಎರಡು ಮಾತು ಬರಿ, ಈಗಿನ ಮಕ್ಕಳಿಗೆ ಗೊತ್ತಾಗ್ಲಿ. ಅವರು ಸೇರಿದಾಗ ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು, ಅಂದ್ರೆ ಕೆಲಸದ ಮೊದಲ ಆರ್ಡರ್ ಒಂದು ರಾಜ್ಯದ್ದು, ಪಿಂಚಣಿ ಇನ್ನೊಂದರದ್ದು. ಮುಲ್ಕಿ ಪರೀಕ್ಷೆ, ಅಂದ್ರೆ ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆ, ಪಾಸಾದ ಹೆಣ್ಮಕ್ಕಳೇ ಆಗ ಊರಿಗೆ ಒಬ್ಬಿಬ್ಬರು, ಅಂಥದ್ರಲ್ಲಿ ಮನೆ ಬಿಟ್ಟು ಹೊಳೆ ದಾಟಿ ಹೋಗಿ ಮಸ್ಟರಿಗೆ ಸಹಿ ಹಾಕೋದು ಸಣ್ಣ ಮಾತಲ್ಲ. ಯಾವ ಶಾಲೆ, ಎಷ್ಟರಿಂದ ಎಷ್ಟರವರೆಗೆ ಅನ್ನೋದಕ್ಕೆ ಟ್ರಂಕಲ್ಲಿ ವರ್ಗಾವಣೆ ಆರ್ಡರ್, ಪಿಂಚಣಿ ಕಾಗದ ಇದ್ರೆ ನೋಡು, ಅರ್ಧ ಪುಟ ಸಾಕು ಅದಕ್ಕೆ. ಅಂಕೋಲಾ ಕಾರವಾರ ಮಧ್ಯದ ಯಾವ್ದಾದ್ರೂ ಊರು ಸೀಬರ್ಡ್ ನೌಕಾನೆಲೆಗೆ ಹೋಗಿದ್ರೆ, 1986ರಲ್ಲಿ ಅಡಿಗಲ್ಲು ಹಾಕಿದ ಆ ಯೋಜನೆಗೆ ಎಷ್ಟೋ ಮನೆ, ಗದ್ದೆ, ಶಾಲೆ ಬಿಟ್ಟು ಜನ ಎದ್ದು ಬಂದಿದ್ದಾರೆ, ಆಗ ಪುನರ್ವಸತಿ ಕಾಲೊನಿಗಳಲ್ಲಿ ವಿಚಾರಿಸು. ಶಾಲೆ ಇಲ್ದಿದ್ರೂ ಅಲ್ಲಿ ಕಲಿತವರು ಸಿಗ್ತಾರೆ.

ಇನ್ನು ಹೊಡೆದಿದ್ದು. ಬರಿ ತಂಗೀ. ಈಗ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಕ್ಕಳಿಗೆ ಹೊಡೆಯೋದಕ್ಕೆ ನಿಷೇಧ ಇದೆ, ಆವಾಗ ಕೋಲು ಮೇಜಿನ ಮೇಲೇ ಇರ್ತಿತ್ತು, ಎಲ್ಲರಿಗೂ ಗೊತ್ತಿರೋದೇ. ಆದ್ರೆ 'ನಮ್ಮ ಒಳ್ಳೇದಕ್ಕೇ ಹೊಡೆದ್ರು' ಅಂತ ಸೇರಿಸಿ ಮುಗಿಸ್ಬೇಡ. ನಿಂಗೆ ನೋವಾಗಿದ್ರೆ ನೋವಾಯ್ತು ಅಂತಾನೇ ಬರಿ. ನನ್ನ ಅಜ್ಜಿ ಏಳರ ಮಗ್ಗಿಗೆ ನಂಗೆ ಹೊಡೆದಿದ್ರು, ಅಂಗೈ ಮೇಲೆ, ಎರಡೇಟು. ಎಷ್ಟೋ ವರ್ಷ ಕಳೆದು ಅವರು ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಗಂಜಿ ಕುಡಿಸ್ತಾ ಇದ್ದೆ, ಚಮಚ ತಡೆದು 'ಏಳರ ಮಗ್ಗಿಗೆ ನಿಂಗೆ ಹೊಡೆದಿದ್ದೆ, ನೆನಪಿದ್ಯಾ' ಅಂದ್ರು. ಇಲ್ಲ ಅಜ್ಜಿ ಅಂತ ಸುಳ್ಳು ಹೇಳ್ದೆ. 'ನಂಗಿದೆ' ಅಂದ್ರು, ಆಮೇಲೆ ಗಂಜಿ ಕುಡಿದ್ರು. ಅಜ್ಜಿ ಅಂದ್ರೆ ನಂಗೆ ಮೊದಲು ನೆನಪಾಗೋದು ಆ ಮಧ್ಯಾಹ್ನ. ಹೊಡೆದಿದ್ದನ್ನ ಬಿಟ್ಟು ಬರೆದಿದ್ರೆ ಅದನ್ನೂ ಬಿಡ್ಬೇಕಾಗ್ತಿತ್ತು. ಬರೆದಿದ್ದನ್ನ ಪ್ರಿಂಟಿಗೆ ಕೊಡೋ ಮೊದಲು ಮಾವನ ಎದುರು ಕೂತು ಗಟ್ಟಿಯಾಗಿ ಓದು, ಅವರಿಗೂ ಅಮ್ಮನ ಕೈಯ ಏಟು ಬಿದ್ದಿರ್ಲಿಕ್ಕೆ ಸಾಕು, ಅವರದ್ದೂ ಒಂದು ಹೊರಗೆ ಬರಬಹುದು. ಬಂದ್ರೆ ಅವರ ಮಾತಲ್ಲೇ ಹಾಕು.

ಪ್ರಶ್ನೆ: ನಮ್ಮಜ್ಜಿ ಶಾಲೆಯಲ್ಲಿದ್ದಾಗ ಬರೆದಿಟ್ಟ ಎರಡು ನೋಟ್‌ಬುಕ್ ಸಿಕ್ಕಿವೆ, ಕೊಂಕಣಿ ಮಾತು, ಅಕ್ಷರ ಕನ್ನಡ. ಬೂಸ್ಟು ಹಿಡಿದಿದೆ. ಬಿಸಿಲಿಗೆ ಹಾಕಿ ಲ್ಯಾಮಿನೇಷನ್ ಮಾಡಿಸ್ಲಾ?
ಓದುಗರೊಬ್ಬರು, ಕಾರವಾರ

ಉತ್ತರ: ಎರಡೂ ಬೇಡ, ದಯವಿಟ್ಟು. ಬಿಸಿಲಿಗೆ ಇಂಕು ಮಾಸ್ತದೆ, ಕಾಗದ ಮುರೀತದೆ, ಲ್ಯಾಮಿನೇಷನ್ ಮಾಡಿದ್ರೆ ಅಂಟಿದ ಪ್ಲಾಸ್ಟಿಕ್ಕು ಮತ್ತೆ ಬಿಡ್ಸೋಕೆ ಬರೋದಿಲ್ಲ. ಒದ್ದೆ ಬಟ್ಟೆಯಲ್ಲಿ ಒರಸಬೇಡಿ, ಪೆನ್ನಿನ ಶಾಯಿ ಹರಡ್ತದೆ. ಮೊದಲು ಕಿಟಕಿ ಬೆಳಕಲ್ಲಿ ಪ್ರತಿ ಪುಟದ ಫೋಟೋ ತೆಗೆದು ಎರಡು ಕಡೆ ಇಟ್ಕೊಳ್ಳಿ. ಮಳೆ ಮುಗಿದು ಒಣ ಹವೆ ಬಂದ ಮೇಲೆ ನೆರಳಲ್ಲಿ ಗಾಳಿ ಆಡೋ ಕಡೆ ಬಿಡಿಸಿಟ್ಟು, ಮೂಗಿಗೆ ಮಾಸ್ಕ್ ಹಾಕಿ, ಮೆತ್ತನೆ ಬ್ರಶ್‌ನಿಂದ ಮನೆ ಹೊರಗೆ ಕೂತು ಬೂಸ್ಟು ಕೊಡವಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಬೇಡಿ, ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ, ಒಳಗೇ ಬೆವರ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಗೋಡೆಗೆ ತಾಗದ ಹಾಗೆ ಕಪಾಟಿನ ಮೇಲಿನ ಖಾನೆಯಲ್ಲಿಡಿ. ಮತ್ತೆ, ಕೊಂಕಣಿನ ಕನ್ನಡ ಲಿಪಿಯಲ್ಲಿ ಬರೆದಿದ್ದು ಹಾಗೇ ಇರ್ಲಿ, ಟೈಪ್ ಮಾಡಿಸೋವಾಗ ಯಾರೋ ತಿದ್ದಿ ಬಿಡ್ತಾರೆ, ತಿದ್ದೋಕೆ ಬಿಡಬೇಡಿ.

ಪ್ರಶ್ನೆ: ಅಜ್ಜಿ ಹೆಸರಲ್ಲಿ ಅವರು ಕಲಿಸಿದ ಸರ್ಕಾರಿ ಶಾಲೆಗೆ 25,000 ರೂಪಾಯಿ ದತ್ತಿ ಇಡ್ಬೇಕು ಅಂತಿದ್ದೀವಿ. ಹೇಗೆ?
ಓದುಗರೊಬ್ಬರು, ಶಿರಸಿ

ಉತ್ತರ: ಮುಖ್ಯ ಶಿಕ್ಷಕರ ಹತ್ರ ಮಾತಾಡಿ, ದುಡ್ಡು ಶಾಲೆಯ ಬ್ಯಾಂಕ್ ಖಾತೆಗೇ ಹಾಕಿ ರಸೀದಿ ತಗೊಳ್ಳಿ, ಯಾತಕ್ಕೆ ಬಳಸಬೇಕು ಅನ್ನೋದನ್ನ ಬರೆದು ಕೊಡಿ. ಠೇವಣಿಗೆ ಶೇ. 6 ಬಡ್ಡಿ ಸಿಕ್ರೆ ವರ್ಷಕ್ಕೆ 1,500 ರೂಪಾಯಿ. ಅದನ್ನ ಫಸ್ಟ್ ಬಂದ ಒಬ್ಬರಿಗೇ ಕೊಡೋ ಬದಲು ಒಂದನೇ ಕ್ಲಾಸಿಗೆ ಹೊಸದಾಗಿ ಸೇರೋ ಮಕ್ಕಳಿಗೆಲ್ಲ ಪಾಟಿ, ನೋಟ್‌ಬುಕ್ ಕೊಡಿಸಿದ್ರೆ ಒಳ್ಳೇದು ಅಂತ ನಂಗನ್ಸ್ತದೆ. ಜೂನಲ್ಲಿ ನೀವೇ ಹೋಗಿ ಕೊಡಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಮಗುವಿನ ಹೆಸರು ಕೈಯಲ್ಲೇ ಬರೆದು, ಕೆಳಗೆ ಅಜ್ಜಿ ಹೆಸರು ಹಾಕಿ.