ಎಮ್ಮೆಗೆ ಬಿಟಿ ಹತ್ತಿಕಾಳು ಹಾಕಿದರೆ ಆ ಹಾಲನ್ನು ಮಗುವಿಗೆ ಕೊಡಬಹುದಾ?

ನೀವು ಕೇಳಿದ್ದು ಇಷ್ಟು. ಮದುವೆಯಾಗಿ ಸಿಂಧನೂರು ಕಡೆ ಬಂದಿದ್ದೀರಿ. ಅತ್ತೆ ದಿನಾ ಎಮ್ಮೆಗೆ ಹತ್ತಿಕಾಳು ನೆನೆಸಿ ಹಾಕುತ್ತಾರೆ. ಅದು ಬಿಟಿ ಹತ್ತಿಯದು, ಆ ಹಾಲನ್ನು ಎರಡು ವರ್ಷದ ಮಗುವಿಗೆ ಕೊಡಲು ಭಯ. ಬಿಟಿಯಿಂದ ಭೂಮಿ ಹಾಳಾಗುತ್ತದೆ ಅಂತಾರಲ್ಲ, ಅದು ನಿಜವಾ ಅಂತಲೂ ಕೇಳಿದ್ದೀರಿ.

ಹಾಲು ಕೊಡಿ. ಬಿಟಿ ಅನ್ನುವ ಕಾರಣಕ್ಕೆ ನಿಲ್ಲಿಸಬೇಕಾಗಿಲ್ಲ.

ನಾನು ಮಾನ್ವಿ ತಾಲೂಕಿನವನು. ಕೃಷಿ ಓದಿ ಈಗ ಮನೆಯ ಹೊಲವನ್ನೇ ನೋಡಿಕೊಳ್ಳುತ್ತೇನೆ. ನಮ್ಮ ಎಮ್ಮೆಗೂ ಇದೇ ಹತ್ತಿಕಾಳು, ನನ್ನ ಮಗಳು ಇದೇ ಹಾಲು ಕುಡಿದು ಬೆಳೆದಳು.

ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ತಾನಾಗಿಯೇ ಇರುತ್ತದೆ. 1901ರಲ್ಲಿ ಜಪಾನಿನಲ್ಲಿ ಇಶಿವಾತಾ ಎಂಬುವವರು ಸತ್ತ ರೇಷ್ಮೆಹುಳುಗಳಲ್ಲಿ ಇದನ್ನು ಮೊದಲು ಕಂಡರು. ಇದು ಮಾಡುವ ಒಂದು ಪ್ರೋಟೀನ್ ಕೆಲವು ಜಾತಿಯ ಹುಳುಗಳಿಗೆ ವಿಷ. ಅದರ ಜೀನನ್ನು ಹತ್ತಿಗಿಡಕ್ಕೆ ಸೇರಿಸಿದ್ದಾರೆ, ಹಾಗಾಗಿ ಗಿಡವೇ ಆ ಪ್ರೋಟೀನ್ ಮಾಡಿಕೊಳ್ಳುತ್ತದೆ. ಕಾಯಿಕೊರಕದ ಹೊಟ್ಟೆಯೊಳಗೆ ಸುಣ್ಣದ ತಿಳಿಯಂಥ ಕ್ಷಾರ ಇರುತ್ತದೆ. ಪ್ರೋಟೀನ್ ಅಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ, ತೂತು ಮಾಡುತ್ತದೆ. ಹುಳು ಮೇಯುವುದು ಬಿಟ್ಟು ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಹುಳಿ, ಅಂದರೆ ಆಮ್ಲ. ಬೇಳೆಯ ಪ್ರೋಟೀನ್ ಹೇಗೆ ಒಡೆದು ಜೀರ್ಣವಾಗುತ್ತದೋ ಇದೂ ಹಾಗೇ ಒಡೆಯುತ್ತದೆ. ಅದು ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಹಾಲು ಕೊಡುವ ಹಸುಗಳಿಗೆ ಬಿಟಿ ಹತ್ತಿಕಾಳು ತಿನ್ನಿಸಿ ಪರೀಕ್ಷೆ ಮಾಡಿದ್ದಾರೆ. ಹಾಲಿನಲ್ಲಿ ಆ ಪ್ರೋಟೀನ್ ಸಿಗಲಿಲ್ಲ.

ಹಾಗಂತ ಬಿಟಿ ಹೆಸರಿನದೆಲ್ಲ ಸುರಕ್ಷಿತ ಅಂತ ಕಣ್ಣು ಮುಚ್ಚಿ ಹೇಳಲಾರೆ. ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಅನ್ನುವ ಬಿಟಿ ಮೆಕ್ಕೆಜೋಳ ಇತ್ತು. ಅದರ ಪ್ರೋಟೀನ್ ಬೇರೆ, ಬೇಗ ಜೀರ್ಣವಾಗುತ್ತಿರಲಿಲ್ಲ. ಅಲರ್ಜಿ ಬರಬಹುದೇನೋ ಅಂತ ದನಗಳ ಮೇವಿಗೆ ಮಾತ್ರ ಬಿಟ್ಟಿದ್ದರು. 2000ದಲ್ಲಿ ಅದು ಜನ ತಿನ್ನುವ ತಿಂಡಿಯಲ್ಲೂ ಸಿಕ್ಕಿತು, ಅಂಗಡಿಗಳಿಂದ ಎಲ್ಲವನ್ನೂ ವಾಪಸ್ ತರಿಸಬೇಕಾಯಿತು. ಹಾಗಾಗಿ ಒಂದೊಂದು ಬೆಳೆಯನ್ನೂ ಬೇರೆಬೇರೆಯಾಗಿಯೇ ಪರೀಕ್ಷೆ ಮಾಡಬೇಕು.

ಮಗುವಿನ ಹಾಲಿನ ವಿಷಯದಲ್ಲಿ ನನಗೆ ನಿಜವಾಗಿ ಭಯ ಇರುವುದು ಬೂಸಲಿನದು. ಹತ್ತಿಕಾಳಾಗಲಿ, ಹಿಂಡಿಯಾಗಲಿ, ಶೇಂಗಾ ಹಿಂಡಿಯಾಗಲಿ, ಮಳೆಗಾಲದಲ್ಲಿ ಹಸಿ ಹಿಡಿದರೆ ಬೂಸಲು ಬರುತ್ತದೆ. ಒಂದು ಜಾತಿಯ ಬೂಸಲು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಎಮ್ಮೆ ತಿಂದರೆ ಅದರ ಒಂದು ಪಾಲು ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಚೀಲವನ್ನು ನೆಲಕ್ಕೆ ಇಡಬೇಡಿ, ಹಲಗೆ ಮೇಲೆ ಇಡಿ. ಹಿಡಿ ಕಾಳು ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಗಂಟುಗಂಟಾಗಿದ್ದರೆ, ಎಷ್ಟೇ ರೊಕ್ಕ ಕೊಟ್ಟು ತಂದಿದ್ದರೂ ಎಮ್ಮೆಗೆ ಹಾಕಬೇಡಿ. ಹಾಗೇ ಹತ್ತಿಕಾಳಿನಲ್ಲಿ ಗಾಸಿಪಾಲ್ ಅನ್ನುವ ವಿಷವೂ ಇದೆ. ಅದು ಬಿಟಿಯಿಂದ ಬಂದದ್ದಲ್ಲ, ಹತ್ತಿಯ ಹುಟ್ಟುಗುಣ. ದೊಡ್ಡ ಎಮ್ಮೆ ಹದವಾಗಿ ತಿಂದರೆ ತಡೆದುಕೊಳ್ಳುತ್ತದೆ, ಸಣ್ಣ ಕರುವಿಗೆ ಮಾತ್ರ ಹಾಕಬೇಡಿ.

ಇನ್ನು ಭೂಮಿಯ ಮಾತು. ಗಿಡದಿಂದ ಮಣ್ಣಿಗೆ ಬಿದ್ದ ಪ್ರೋಟೀನನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಎರೆಹುಳು, ಜೇನುನೊಣಕ್ಕೆ ಅದರಿಂದ ತೊಂದರೆಯಾಗಿದ್ದು ಕಂಡಿಲ್ಲ. ಜೇನುನೊಣ ಸಾಯುವುದು ನಾವು ಹೊಡೆಯುವ ಔಷಧದಿಂದ. ಆ ಔಷಧ ಕಡಿಮೆ ಮಾಡಲೆಂದೇ ಬಿಟಿ ಬಂದದ್ದು ಅಲ್ವಾ? ಶುರುವಿನಲ್ಲಿ ಕಡಿಮೆ ಆಗಿತ್ತು. 2002ರ ಮಾರ್ಚ್‌ನಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮುಂಚೆ ಹಸಿರು ಕಾಯಿಕೊರಕಕ್ಕೆ ಅಪ್ಪ ವಾರವಾರ ಪಂಪು ಹೆಗಲಿಗೇರಿಸುತ್ತಿದ್ದರು. ಸಂಜೆ ಬಂದು ಊಟ ಸೇರುತ್ತಿಲ್ಲ ಅಂತ ಸುಮ್ನೆ ಮಲಗಿಬಿಡುತ್ತಿದ್ದರು. ಬಿಟಿ ಬಂದ ಮೇಲೆ ಅದು ನಿಂತಿತು. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಆಮೇಲೆ ಕೆಟ್ಟದ್ದು ಹೇಗೆ ಅಂತ ಹೇಳುತ್ತೇನೆ. ಆಗ ಬೀಜದ ಡಬ್ಬಿಯಲ್ಲಿ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂನ ಇನ್ನೊಂದು ಪಾಕೀಟು ಬರುತ್ತಿತ್ತು. ಅದು ಬಿಟಿ ಇಲ್ಲದ ಹತ್ತಿ. ಹೊಲದ ಸುತ್ತ ಐದು ಸಾಲು, ಇಲ್ಲವೇ ನೂರಕ್ಕೆ ಇಪ್ಪತ್ತು ಭಾಗ ಜಾಗ, ಯಾವುದು ಜಾಸ್ತಿಯೋ ಅಷ್ಟಕ್ಕೆ ಅದನ್ನು ಹಾಕಬೇಕು ಅನ್ನುವುದು ಆಗಿನ ನಿಯಮ. ಸಾವಿರಾರು ಹುಳುಗಳಲ್ಲಿ ಒಂದೆರಡು ಬಿಟಿ ತಿಂದೂ ಬದುಕುತ್ತವೆ. ಅವು ತಮ್ಮಂಥವುಗಳ ಜೊತೆಗೇ ಕೂಡಿದರೆ ಮರಿಗಳೆಲ್ಲ ಗಟ್ಟಿ ಹುಳುಗಳೇ. ಪಕ್ಕದ ಸಾಲಿನಲ್ಲಿ ಬಿಟಿ ತಿನ್ನದೆ ಬೆಳೆದ ಪತಂಗಗಳು ಬೇಕಾದಷ್ಟಿದ್ದರೆ ಅವುಗಳ ಜೊತೆ ಕೂಡುತ್ತವೆ, ಆ ಮರಿಗಳು ಬಿಟಿಗೆ ಸಾಯುತ್ತವೆ. ಆ ಐದು ಸಾಲು ಇದ್ದದ್ದು ಇದಕ್ಕೆ.

ನಮಗೆ ಬೀಜ ಕೊಟ್ಟ ಅಂಗಡಿಯವರು "ಅದು ಬ್ಯಾಡದ ಬೀಜ, ಹುಳ ಬೀಳತಾವ, ಒಗೀರಿ" ಅಂದಿದ್ದರು. ಅಪ್ಪ ಒಗೆದರು. ಊರೆಲ್ಲ ಒಗೆಯಿತು. ಯಾರೂ ಯಾಕೆ ಅಂತ ತಿಳಿಸಲಿಲ್ಲ, ನಾವೂ ಕೇಳಲಿಲ್ಲ. ಕೆಲವರು ಅಂಚಿಗೆ ತೊಗರಿ ಹಾಕಿದರು. ಹಸಿರು ಕಾಯಿಕೊರಕ ತೊಗರಿಯನ್ನೂ ತಿನ್ನುತ್ತದೆ, ಅದಕ್ಕೆ ಅದು ಸರಿ. ಆದರೆ ಗುಲಾಬಿ ಕಾಯಿಕೊರಕ ತೊಗರಿಯ ಕಡೆ ಹೋಗುವುದಿಲ್ಲ, ಅದು ಹೆಚ್ಚಾಗಿ ಬದುಕುವುದೇ ಹತ್ತಿಯ ಮೇಲೆ.

2010ರಲ್ಲಿ ಗುಜರಾತಿನ ಗುಲಾಬಿ ಹುಳು ಮೊದಲ ಬಿಟಿಗೆ ಜಗ್ಗುತ್ತಿಲ್ಲ ಅನ್ನುವ ಸುದ್ದಿ ಬಂತು. ಅಷ್ಟೊತ್ತಿಗೆ ಬೊಲ್‌ಗಾರ್ಡ್ 2 ಅನ್ನುವ ಎರಡು ಜೀನಿನ ಬಿಟಿ ಹತ್ತಿ ಬಂದಾಗಿತ್ತು, ಕೆಲವು ವರ್ಷಗಳಲ್ಲಿ ಹುಳು ಅದನ್ನೂ ದಕ್ಕಿಸಿಕೊಂಡಿತು. 2017ರಲ್ಲಿ ನಮ್ಮ ಹೊಲದಲ್ಲಿ ಕಂಡದ್ದು ಇವತ್ತಿಗೂ ಕಣ್ಣಲ್ಲಿದೆ. ಕಾಯಿ ಹೊರಗಿನಿಂದ ಹಸಿರಾಗಿ, ತುಂಬಿಕೊಂಡು, ನೋಡಲು ಚೆಂದ. ಹೆಬ್ಬೆರಳಿನಿಂದ ಒತ್ತಿ ಒಡೆದರೆ ಒಳಗೆ ಒಂದು ಪಕಳೆ ಬೆಳ್ಳಗಿದೆ, ಪಕ್ಕದ್ದು ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿದೆ. ಅಂಟಿಕೊಂಡ ಎರಡು ಕಾಳಿನ ನಡುವೆ ತಿಳಿಗುಲಾಬಿ ಬಣ್ಣದ ಹುಳು. ಹುಳು ಕಾಯಿಯ ಒಳಗೇ ಇರುವಾಗ ಹೊರಗಿನಿಂದ ಔಷಧ ಹೊಡೆದು ಏನು ಬಂತು? ಆದರೂ ಆ ವರ್ಷ ಅಪ್ಪ ಮತ್ತೆ ಪಂಪು ತೆಗೆದರು.

ತಪ್ಪು ರೈತನದು ಮಾತ್ರ ಅಂದರೆ ನಾನು ಒಪ್ಪಲ್ಲ. ನಮಗೆ ಬಿಟಿ ಕೊಟ್ಟದ್ದು ಹೈಬ್ರಿಡ್ ಬೀಜದಲ್ಲಿ. ಅದರ ಒಂದೇ ಕಾಯಿಯಲ್ಲಿ ಕೆಲವು ಕಾಳಿಗೆ ವಿಷ ಪೂರ್ತಿ ಇರುತ್ತದೆ, ಕೆಲವಕ್ಕೆ ಅರೆಬರೆ, ಕೆಲವಕ್ಕೆ ಇಲ್ಲವೇ ಇಲ್ಲ. ಹುಳುವಿಗೆ ವಿಷ ರೂಢಿಯಾಗಲು ಇದಕ್ಕಿಂತ ಅನುಕೂಲ ಬೇಕಾ? ಅಮೆರಿಕದಲ್ಲೂ ಗುಲಾಬಿ ಹುಳು ಇತ್ತು. ಅಲ್ಲಿ ಬಿಟಿ ಹತ್ತಿಯ ಜೊತೆಗೆ ಸಂತಾನಶಕ್ತಿ ತೆಗೆದ ಪತಂಗಗಳನ್ನು ಹೊಲಕ್ಕೆ ಬಿಟ್ಟರು, ಗಂಡು ಪತಂಗ ದಾರಿ ತಪ್ಪುವಂತೆ ವಾಸನೆ ಹರಡಿದರು. 2018ರಲ್ಲಿ ಹತ್ತಿ ಬೆಳೆಯುವ ಪ್ರದೇಶದಲ್ಲಿ ಆ ಹುಳು ಇಲ್ಲವಾಯಿತು ಅಂತ ಘೋಷಿಸಿದರು. ಹುಳು ಅದೇ, ಜೀನೂ ಅದೇ.

ಬಿಟಿ ಬದನೆ ಬಂದರೆ ತಿನ್ನುತ್ತೀರಾ ಅಂತ ಕೊನೆಗೆ ಕೇಳಿದ್ದೀರಿ. 2010ರ ಫೆಬ್ರುವರಿಯಿಂದ ನಮ್ಮ ದೇಶದಲ್ಲಿ ಅದಕ್ಕೆ ತಡೆ ಇದೆ, ಬಾಂಗ್ಲಾದೇಶದಲ್ಲಿ 2014ರಿಂದ ಬೆಳೆಯುತ್ತಿದ್ದಾರೆ. ನಾನು ತಿನ್ನುತ್ತೇನೆ. ಇವತ್ತು ಔಷಧ ಹೊಡೆದು ನಾಳೆ ಸಂತೆಗೆ ತಂದ ಬದನೆಗಿಂತ ಅದೇ ವಾಸಿ. ಆದರೆ ಬದನೆಯ ನಾಟಿ ತಳಿಗಳು ನಮ್ಮಲ್ಲಿ ಎಷ್ಟೊಂದಿವೆ. ನಮ್ಮ ಹೊಲಗಳಲ್ಲಿ ಜಯಧರ್ ಅನ್ನುವ ದೇಸಿ ಹತ್ತಿ ಕಾಣೆಯಾದ ಹಾಗೆ ಅವು ಕಾಣೆಯಾಗಬಾರದು. ಬಾಂಗ್ಲಾದೇಶದ ಹಾಗೆ ರೈತ ಬೀಜ ಎತ್ತಿಟ್ಟುಕೊಳ್ಳುವ ತಳಿಯಲ್ಲೇ ಕೊಡಬೇಕು, ಆ ಅಂಚಿನ ಸಾಲನ್ನು ಯಾಕೆ ಹಾಕಬೇಕು ಅಂತ ಊರೂರಿಗೆ ಬಂದು ಹೇಳಬೇಕು.

ನಿಮ್ಮ ಮನೆಯವರು ಈ ಸಲವೂ ಹತ್ತಿ ಹಾಕುವುದಾದರೆ ಎಕರೆಗೆ ಎರಡು ಮೋಹಕ ಬಲೆ, ಅಂದರೆ ಹೆಣ್ಣಿನ ವಾಸನೆ ಇಟ್ಟು ಗಂಡು ಪತಂಗ ಹಿಡಿಯುವ ಬಲೆ, ಕಟ್ಟಲು ಹೇಳಿ. ಸತತವಾಗಿ ಮೂರು ರಾತ್ರಿ, ರಾತ್ರಿಗೆ ಒಂದೊಂದು ಬಲೆಗೆ ಎಂಟೆಂಟು ಪತಂಗ ಬಿದ್ದರೆ ಆಗ ಔಷಧದ ಮಾತು, ಅಲ್ಲಿಯವರೆಗೆ ಬೇಡ. ಡಿಸೆಂಬರ್ ಮುಗಿದ ಮೇಲೆ ನೀರು ಹಾಯಿಸಿ ಬೆಳೆಯನ್ನು ಮುಂದುವರಿಸಬಾರದು. ಇನ್ನೊಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಒಲೆಗೆಂದು ಹಿತ್ತಲಲ್ಲಿ ಹತ್ತಿಕಟ್ಟಿಗೆ ಒಟ್ಟಿದ್ದರೆ ಹೋಗಿ ನೋಡಿ. ಅದರಲ್ಲಿ ಒಡೆಯದ ಒಣಕಾಯಿ ನೇತಾಡುತ್ತಿರುತ್ತವೆ, ಮುಂದಿನ ವರ್ಷದ ಹುಳು ಅಲ್ಲೇ ಮಲಗಿರುತ್ತದೆ. ಮುಂಗಾರು ಮಳೆ ಬೀಳುವ ಮೊದಲೇ ಆ ಕಟ್ಟಿಗೆ ಉರಿಸಿ ಮುಗಿಸಿ.